ಕೊಸರು ಕೊಟ್ಟು ಕೆಡಿಸಿದ ಇಪ್ಪತ್ನಾಲ್ಕು ಕಲ್ಲು

ಒಂದು ತೂತಿಗೆ ಆರುನೂರು ರೂಪಾಯಿ. ಜನರೇಟರಿನ ಡೀಸೆಲ್ ಬೇರೆ, ನೀರಿನ ಟಾಕಿ ಬೇರೆ. ಹೆಚ್ಚಾಯಿತಲ್ಲ ಅಂತ ನಿಮಗೆ ಅನ್ನಿಸಿದರೆ ನಿಮ್ಮ ಲೆಕ್ಕ ತಪ್ಪಿಲ್ಲ, ಹೆಚ್ಚೇ ಆಗಿತ್ತು. ಗೋಕಾಕ ಊರೊಳಗೆ ಸ್ಲ್ಯಾಬಿಗೆ ಪೈಪಿನ ತೂತು ಹಾಕಲು ನಾನು ಅದರ ಅರ್ಧ ತೆಗೆದುಕೊಳ್ಳುತ್ತೇನೆ. ಆದರೆ ಹುಕ್ಕೇರಿಯ ಕರಿಕಲ್ಲು ಸಿಮೆಂಟಿನ ಹಾಗೆ ಸುಮ್ಮನೆ ದಾರಿ ಬಿಡುವುದಿಲ್ಲ, ಕೊರೆಯುವ ಯಂತ್ರದ ವಜ್ರದ ಹಲ್ಲಿನ ಬಿಟ್ಟನ್ನು ಬೆಲ್ಲದಂತೆ ಸವೆಸುತ್ತದೆ. ಅಲ್ಲಿ ಕರೆಂಟು ಇಲ್ಲ, ನೀರಿಲ್ಲ, ನೆರಳೂ ಇಲ್ಲ. ಇವೆಲ್ಲ ನಾನು ಹೇಳಲು ಸಿದ್ಧ ಮಾಡಿಟ್ಟುಕೊಂಡಿದ್ದ ಕಾರಣಗಳು. ನಿಜವಾದ ಕಾರಣ ಬೇರೆ. ನಾನು ಆರುನೂರು ಅಂದರೆ ಎದುರಿನವರು ಮುನ್ನೂರು ಅನ್ನಬೇಕು, ನಾನು ಎದ್ದು ಹೋಗುವ ಹಾಗೆ ಮಾಡಬೇಕು, ಅವರು ಕರೆಯಬೇಕು, ನಾಲ್ಕುನೂರ ಇಪ್ಪತ್ತೈದಕ್ಕೆ ಚಹಾ ಬರಬೇಕು. ನಲವತ್ತು ವರ್ಷದಿಂದ ಈ ಆಟ ಹೀಗೇ ನಡೆದಿದೆ.

ಆ ಹುಡುಗಿ, "ಆತ್ರಿ ಕಾಕಾ. ಯಾವತ್ತ ಹೋಗೂಣು?" ಅಂದುಬಿಟ್ಟಳು.

ಮುಂದೆ ಆದ ಎಲ್ಲ ಅನಾಹುತಕ್ಕೂ ಆ ಒಂದು ಮಾತೇ ಮೂಲ ಅಂತ ನನ್ನ ಅಭಿಪ್ರಾಯ. ನನ್ನ ಹೆಂಡತಿಯ ಅಭಿಪ್ರಾಯ ಬೇರೆ ಇದೆ, ಅದನ್ನು ಮುಂದೆ ಹೇಳುತ್ತೇನೆ.

ನನ್ನ ಕಸುಬಿನ ಬಗ್ಗೆ ಸ್ವಲ್ಪ ಹೇಳಬೇಕು. ಕುಲಗೋಡದಿಂದ ಸುತ್ತಿಗೆ ಮತ್ತು ಉಳಿ ಹಿಡಿದು ಗೋಕಾಕಕ್ಕೆ ಬಂದವನು ನಾನು. ಆಗ ಗೋಡೆಗೆ ತೂತು ಅಂದರೆ ಒಂದು ದಿನದ ಕೆಲಸ, ಕೈತುಂಬ ಗುಳ್ಳೆ. ಆಮೇಲೆ ಬಾಡಿಗೆ ಯಂತ್ರ, ಆಮೇಲೆ ಸ್ವಂತದ್ದು. ಕೊಳವೆಯ ಆಕಾರದ ಬಿಟ್ಟು ನೀರು ಕುಡಿಯುತ್ತ ಸುತ್ತಿ ಇಳಿಯುತ್ತದೆ, ಒಳಗಿನ ಕಲ್ಲು ಲಟ್ಟಣಿಗೆಯ ಹಾಗೆ ದುಂಡಗೆ ಹೊರಗೆ ಬರುತ್ತದೆ. ಅದಕ್ಕೆ ನಾವು ಕೋರ್ ಅನ್ನುತ್ತೇವೆ. ತೂತು ಗಿರಾಕಿಗೆ, ಕೋರ್ ಕಸಕ್ಕೆ. ತೂತು ಬೇಡ, ಒಳಗಿನ ಕಸವೇ ಬೇಕು ಎಂದು ರೊಕ್ಕ ಕೊಡುವ ಗಿರಾಕಿಯನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ.

ಆ ಹುಡುಗಿಯ ತವರು ಹುಕ್ಕೇರಿ ಕಡೆಯ ಹಳ್ಳಿ. ಕೆಲಸ ಕರಾವಳಿಯ ಒಂದು ಪ್ರಯೋಗಾಲಯದಲ್ಲಿ. ಮೂವತ್ತರ ಆಸುಪಾಸು, ತಲೆಗೆ ಟೊಪ್ಪಿಗೆ, ಹೆಗಲಿಗೆ ಚೀಲ, ಮಾತು ಮಾತ್ರ ನಮ್ಮದೇ. ಆಳ ಸಮುದ್ರದ ತಳದಿಂದ ಹಡಗಿನವರು ಕೊರೆದು ತಂದ ಕಲ್ಲು ಮತ್ತು ಕೆಸರನ್ನು ಅಳೆಯುವುದು ಅವಳ ವಿದ್ಯೆ. ಅವುಗಳಲ್ಲಿ ಹುದುಗಿರುವ ಸಣ್ಣ ಅಯಸ್ಕಾಂತದ ಕಾಳುಗಳು ಯಾವ ದಿಕ್ಕಿಗೆ ತೋರಿಸುತ್ತವೆ ಎಂದು ನೋಡಿ, ನಾವು ನಿಂತ ಈ ನೆಲ ಹಿಂದೆ ಎಲ್ಲಿತ್ತು, ಹೇಗೆ ಸರಿಯಿತು ಅಂತ ಹೇಳುತ್ತಾರಂತೆ. ಅದಕ್ಕೆ ಜೋಡಿಯಾಗಿ ಒಣ ನೆಲದ ಹಳೆಯ ಕರಿಕಲ್ಲು ಬೇಕಾಗಿತ್ತು. ಅವಳದೇ ಕೊರೆಯುವ ಯಂತ್ರ ದಾರಿಯಲ್ಲಿ ಕೆಟ್ಟು, ಯಾರೋ ನನ್ನ ಅಂಗಳಕ್ಕೆ ಕಳಿಸಿದ್ದರು. ಎರಡು ವಾರದ ನಂತರ ದೊಡ್ಡ ಯಂತ್ರದ ಮುಂದೆ ಅವಳ ಪಾಳಿ. ಆ ಪಾಳಿ ತಪ್ಪಿದರೆ ಮತ್ತೆ ಒಂದು ವರ್ಷ ಕಾಯಬೇಕು, ಪ್ರಬಂಧದ ಕೊನೆಯ ಅಧ್ಯಾಯ ಹಾಗೇ ಖಾಲಿ ಉಳಿಯುತ್ತದೆ. ಇದನ್ನು ಅವಳು ಮೊದಲ ಭೇಟಿಯಲ್ಲೇ ಹೇಳಿಬಿಟ್ಟಳು. ಅವಸರ ಇದೆ ಎಂದು ಮಾರುವವನ ಎದುರು ಯಾರಾದರೂ ಹೇಳುತ್ತಾರೆಯೇ? ಓದಿದವರು ಹೇಳುತ್ತಾರೆ.

ಮೊದಲು ನಾನು ಅವಳಿಗೆ ಗೋಕಾಕದ ಕಲ್ಲನ್ನೇ ಮಾರಲು ನೋಡಿದೆ. ಫಾಲ್ಸಿನ ಕಡೆಯ ಕೆಂಪು ಕಲ್ಲು, ನೋಡಲು ಚಂದ, ಡೀಸೆಲ್ಲೂ ಉಳಿಯುತ್ತದೆ ಅಂದೆ. ಅದು ಮರಳು ಕೂತು ಗಟ್ಟಿಯಾದ ಕಲ್ಲು, ತನಗೆ ಬೆಂಕಿಯಂತೆ ಹರಿದು ತಣ್ಣಗಾದ ಕಲ್ಲೇ ಬೇಕು ಅಂದಳು. ಕರಿದು ಬೇಕಾದರೆ ನಮ್ಮ ಅಂಗಳದ ಗ್ರಾನೈಟಿನ ತುಂಡುಗಳಿವೆ, ಪಾಲಿಶ್ ಆದದ್ದು, ಅಗ್ಗಕ್ಕೆ ಕೊಡುತ್ತೇನೆ ಅಂದೆ. ಅವಳು ನಕ್ಕುಬಿಟ್ಟಳು. ನನ್ನ ಪ್ರಯತ್ನ ನಾನು ಮಾಡಿದೆ.

ಹುಕ್ಕೇರಿ ಹೊರಗೆ ಕೆಲಸ ನಿಂತುಹೋದ ಒಂದು ಕಲ್ಲಿನ ಖಣಿ ಇದೆ. ಬೆಳಿಗ್ಗೆ ಅಲ್ಲಿ ಜನರೇಟರು ಇಳಿಸಿ, ಸ್ಟ್ಯಾಂಡು ನಿಲ್ಲಿಸಿ, ನಾನು ನಟ್ಟು ಬಿಗಿಯುತ್ತಿದ್ದೆ. ಅವಳು ಬಂಡೆಯ ಮೇಲೆ ದಿಕ್ಸೂಚಿ ಇಟ್ಟು, ಬಗ್ಗಿ ನೋಡಿ, ನನ್ನ ಕಡೆ ತಿರುಗಿ, "ಕಾಕಾ, ಸ್ವಲ್ಪ ದೂರ ನಿಲ್ಲತೀರೇನ್ರಿ?" ಅಂದಳು. ನಾನು ಎರಡು ಹೆಜ್ಜೆ ಸರಿದೆ. ಇನ್ನೂ ದೂರ ಅಂದಳು. ನನ್ನ ಸೊಂಟದಲ್ಲಿ ಹದಿನೇಳು ಕೀಲಿಗಳ ಗೊಂಚಲು ಇರುತ್ತದೆ. ಗೋಕಾಕದಲ್ಲಿ ನನ್ನ ತೂಕ ಏನಾದರೂ ಇದ್ದರೆ ಅರ್ಧ ಅದರದ್ದೇ. ನಾನು ಹತ್ತಿರ ಬಂದಾಗಲೆಲ್ಲ ಅವಳ ಮುಳ್ಳು ಉತ್ತರ ಬಿಟ್ಟು ನನ್ನ ಸೊಂಟದ ಕಡೆ ನೋಡುತ್ತಿತ್ತಂತೆ. ಕೀಲಿ ಬಿಚ್ಚಿ ಟೆಂಪೋದಲ್ಲಿ ಇಟ್ಟುಬಂದೆ. ಆ ದಿನವಿಡೀ ಧೋತರ ಬಿಚ್ಚಿಹೋದವನ ಹಾಗೆ ಅನ್ನಿಸುತ್ತಿತ್ತು.

ಕಲ್ಲೇ ಮುಳ್ಳನ್ನು ಎಳೆಯಬಹುದು ಎಂಬ ಸಂಶಯಕ್ಕೆ ಅವಳು ಒಂದು ಕಡ್ಡಿ ನಿಲ್ಲಿಸಿ ಅದರ ನೆರಳನ್ನೂ ಗಡಿಯಾರವನ್ನೂ ನೋಡಿ ಬರೆದುಕೊಂಡಳು. ಆಮೇಲೆ ಕೊರೆಯಬೇಕಾದ ಜಾಗದಲ್ಲಿ, ಬಂಡೆಯ ಮೇಲ್ಮೈಗೆ ಮಾರ್ಕರಿನಿಂದ ಉತ್ತರದ ಕಡೆಗೆ ಒಂದು ಸಣ್ಣ ಬಾಣ, ಬಾಜೂಕ್ಕೆ ನಂಬರು ಬರೆದಳು. ಬಾಣದ ಸುತ್ತ ನಾನು ಬಿಟ್ಟು ಇಳಿಸುವುದು. ಸಾಮಾನ್ಯವಾಗಿ ಕೋರಿನ ಬದಿಗೂ ಗೆರೆ ಎಳೆಯುತ್ತಾಳಂತೆ, ಆದರೆ ಅದಕ್ಕೆ ಬೇಕಾದ ಹಿತ್ತಾಳೆಯ ಕೊಳವೆ ನನ್ನ ಬಿಟ್ಟಿನ ಅಳತೆಗೆ ಕೂರಲಿಲ್ಲ. ಬದಿಯ ಗೆರೆಯನ್ನು ಆಮೇಲೆ ಕೂತು ಎಳೆದರಾಯಿತು ಅಂದಳು. ಈ ಮಾತು ನನ್ನ ಕಿವಿಗೂ ಬಿದ್ದಿತ್ತು. ಜನರೇಟರು ಜೋರಾಗಿ ಓಡುತ್ತಿತ್ತು ಅಂತ ನಾನು ಆಮೇಲೆ ವಾದ ಮಾಡಿದೆ.

ಹದಿನಾರು ಕೋರ್ ತೆಗೆದು ವಾಪಸಾಗುವಾಗ ಧುಪದಾಳದ ಒಡ್ಡಿನ ಬಾಜೂಕ್ಕೆ ಟೆಂಪೋ ನಿಲ್ಲಿಸಿ ಬುತ್ತಿ ಬಿಚ್ಚಿದೆವು. ನನ್ನ ಹೆಂಡತಿ ಕಟ್ಟಿಕೊಟ್ಟ ರೊಟ್ಟಿ, ಶೇಂಗಾ ಚಟ್ನಿ. ಹುಡುಗಿ ಚೀಲದಿಂದ ಬೆಂಕಿಪೊಟ್ಟಣದಷ್ಟು ಒಂದು ಪ್ಲಾಸ್ಟಿಕ್ ಡಬ್ಬಿ ತೆಗೆದು ನನ್ನ ಕೈಗಿಟ್ಟಳು. ಒಳಗೆ ಒಣಗಿದ ಬೂದು ಮಣ್ಣು. ಹಿಂದೂ ಮಹಾಸಾಗರದ ತಳದ್ದು ಅಂದಳು. ಇದನ್ನು ಮೇಲೆ ತರಲು ಹಡಗಿನ ಒಂದು ದಿನದ ಬಾಡಿಗೆ ಎಷ್ಟಾಯಿತು ಅಂತ ಕೇಳಿದೆ. ಗೊತ್ತಿಲ್ಲ ಅಂದಳು. ಗೊತ್ತಿಲ್ಲದೆ ಬಾಡಿಗೆ ಹಿಡಿಯುತ್ತಾರಂತೆ! ನನ್ನನ್ನು ಕರೆದುಕೊಂಡು ಹೋಗಿದ್ದರೆ ಆ ಹಡಗಿನವನ ಜೊತೆ ನಾನು ಮಾತಾಡುತ್ತಿದ್ದೆ.

ಒಡ್ಡಿನ ಹಿಂದೆ ನಿಂತ ನೀರಿನಲ್ಲಿ ರಾಡಿ ಕೂರುವುದನ್ನು ತೋರಿಸಿ ಅವಳು ಹೇಳಿದಳು: ಸಮುದ್ರದ ತಳದಲ್ಲೂ ಹೀಗೇ ಕೂರುತ್ತದೆ, ಆದರೆ ಎಷ್ಟು ನಿಧಾನ ಅಂದರೆ ಒಂದು ಬೆರಳಿನ ದಪ್ಪಕ್ಕೆ ಸಾವಿರಾರು ವರ್ಷ. ಆ ಕೆಸರಿನಲ್ಲಿರುವ ಕಬ್ಬಿಣದ ಸಣ್ಣ ಕಾಳುಗಳು ಇಳಿಯುತ್ತ ಇಳಿಯುತ್ತ ಭೂಮಿಯ ಅಯಸ್ಕಾಂತದ ಕಡೆ ಮುಖ ತಿರುಗಿಸಿ ಕೂತುಬಿಡುತ್ತವೆ, ಮೇಲೆ ಮಣ್ಣು ಬಿದ್ದ ಮೇಲೆ ಅಲುಗಾಡುವುದಿಲ್ಲ. ನನಗೆ ಮೂಡಲಗಿ ಬಸ್ ಸ್ಟ್ಯಾಂಡು ಕಣ್ಣಿಗೆ ಬಂತು. ಸಂತೆ ಮುಗಿಸಿದ ಜನ ಚೀಲ ಇಳಿಸಿ ಎಲ್ಲಿ ಕೂತರೂ ಬಸ್ಸು ಬರುವ ದಿಕ್ಕಿಗೇ ಮುಖ ಮಾಡಿ ಕೂರುತ್ತಾರೆ. ಬಸ್ಸು ಬಂದು ಹೋಗಿ ಎಷ್ಟೋ ಹೊತ್ತಾದ ಮೇಲೆ ಯಾರಾದರೂ ಆ ಕೂತವರ ಚಿತ್ರ ನೋಡಿದರೂ ಬಸ್ಸು ಯಾವ ಕಡೆಯಿಂದ ಬರುತ್ತಿತ್ತು ಅಂತ ಹೇಳಬಹುದು. ಹೇಳಿದೆ. ಅವಳು ಊಟ ಬಿಟ್ಟು ಅದನ್ನು ಪುಸ್ತಕದಲ್ಲಿ ಬರೆದುಕೊಂಡಳು. ನನ್ನ ಮಾತನ್ನು ಯಾರೋ ಬರೆದುಕೊಂಡದ್ದು, ಪೊಲೀಸರನ್ನು ಬಿಟ್ಟರೆ, ಅದೇ ಮೊದಲು.

ಕರಗಿದ ಕಲ್ಲಿಗೂ ಅದೇ ಕಥೆ. ಬಿಸಿ ಇರುವಾಗ ಕಾಳುಗಳಿಗೆ ಮುಖ ಇಲ್ಲ. ಆರುತ್ತ ಬಂದ ಹಾಗೆ ಆ ಕಾಲದ ದಿಕ್ಕು ಹಿಡಿದು ಗಟ್ಟಿಯಾಗುತ್ತವೆ. ಅದರ ಮೇಲೆ ಇನ್ನೊಂದು ತಮಾಷೆ: ಭೂಮಿಯ ಉತ್ತರ ದಕ್ಷಿಣವೇ ಎಷ್ಟೋ ಸಲ ಅದಲುಬದಲಾಗಿದೆಯಂತೆ. ಸಮುದ್ರದ ನಡುವೆ ಒಂದು ಉದ್ದ ಬಿರುಕು, ಅಲ್ಲಿಂದ ಹೊಸ ಕಲ್ಲು ಉಕ್ಕಿ ಎರಡೂ ಕಡೆ ಸರಿಯುತ್ತ ಹೋಗುತ್ತದೆ. ಒಂದು ಪಟ್ಟಿ ಈ ದಿಕ್ಕಿನದು, ಮುಂದಿನ ಪಟ್ಟಿ ಆ ದಿಕ್ಕಿನದು, ಬಿರುಕಿನ ಆಚೆಗೂ ಈಚೆಗೂ ಅದೇ ಕ್ರಮ. ಮನೆಗೆ ಬಂದು ಇದನ್ನು ಹೆಂಡತಿಗೆ ಹೇಳಿದರೆ ಅವಳಿಗೇನೂ ಆಶ್ಚರ್ಯ ಆಗಲಿಲ್ಲ. ಇಳಕಲ್ ಸೀರೆಗೆ ಎರಡೂ ಕಡೆ ಒಂದೇ ದಡಿ ಇರುವುದಿಲ್ಲವೇ, ಅದನ್ನು ನಡುವಿನಿಂದ ನೇಯ್ದಂತೆ ಆಯಿತು ಅಷ್ಟೆ ಅಂದಳು.

ಒಡ್ಡಿನ ಹತ್ತಿರ ಕೂತಾಗ ನಾನು ಆ ಹುಡುಗಿಗೆ ಇನ್ನೊಂದು ಪ್ರಶ್ನೆ ಕೇಳಿದ್ದೆ, ಅದು ಮುಂದೆ ಬೇಕಾಗುತ್ತದೆ. ಸಮುದ್ರದ ಕಲ್ಲು ಅಷ್ಟು ಖರ್ಚು ಮಾಡಿ ತಂದಿರುವಾಗ ನನ್ನ ಆರುನೂರರ ಕಲ್ಲು ಯಾಕೆ? ಅವಳು ಕೈಯಲ್ಲಿದ್ದ ರೊಟ್ಟಿಯ ಸುರುಳಿಯನ್ನು ಬೆರಳ ನಡುವೆ ತಿರುಗಿಸಿ ತೋರಿಸಿದಳು. ಹಡಗಿನಿಂದ ಮೈಲುಗಟ್ಟಲೆ ಕೆಳಗೆ ಕೊರೆಯುವಾಗ ಒಳಗಿನ ಕೋರ್ ಕೊಳವೆಯೊಳಗೆ ಹೀಗೆ ತಿರುಗಿಬಿಡುತ್ತದೆ. ಮೇಲು ಯಾವುದು ಕೆಳಗು ಯಾವುದು ಗೊತ್ತು, ಉತ್ತರ ಯಾವ ಕಡೆ ಇತ್ತು ಅನ್ನುವುದು ಕಳೆದುಹೋಗಿರುತ್ತದೆ. ಆಗ ಅವರು ಕಾಳುಗಳ ಇಳಿಜಾರನ್ನು ಮಾತ್ರ ನೋಡುತ್ತಾರೆ. ಭೂಮಿಯ ನಡುಗೆರೆಯ ಹತ್ತಿರ ಅಯಸ್ಕಾಂತದ ಮುಳ್ಳು ಮಲಗಿರುತ್ತದೆ, ಧ್ರುವದ ಕಡೆ ಹೋದಂತೆ ಏಳುತ್ತದೆ. ಇಳಿಜಾರು ಎಷ್ಟಿದೆ ಎಂದು ನೋಡಿ ಆ ಕಲ್ಲು ಹುಟ್ಟಿದ್ದು ನಡುಗೆರೆಯಿಂದ ಎಷ್ಟು ದೂರ ಅಂತ ಹೇಳುತ್ತಾರೆ. ಹಾಗೆ ಅರ್ಧ ಮಾಹಿತಿಯಿಂದ ತೆಗೆದ ಲೆಕ್ಕ ಸರಿಯೋ ಎಂದು ನೋಡಲು, ಉತ್ತರ ಖಚಿತವಾಗಿ ಗೊತ್ತಿರುವ ಕಲ್ಲು ಬೇಕು.

"ನಿಮ್ಮ ಕಲ್ಲಿಗೆ ಬೆಲಿ ಬಂದದ್ದ ಆ ಬಾಣದಿಂದ ನೋಡ್ರಿ ಕಾಕಾ," ಅಂದಳು.

ಇಷ್ಟು ಸ್ಪಷ್ಟವಾಗಿ ಹೇಳಿದ್ದಳು. ಆಗ ಜನರೇಟರು ಓಡುತ್ತಿರಲಿಲ್ಲ.

ಮರುದಿನ ಮೂಡಲಗಿ ಕಡೆಯ ಒಂದು ಹಳ್ಳದಲ್ಲಿ ಎಂಟು ಕೋರ್ ತೆಗೆದೆವು. ಕುಲಗೋಡದ ನನ್ನ ಹಳೆಯ ಪರಿಚಯದವರು ಕಬ್ಬಿನ ಟ್ರ್ಯಾಕ್ಟರು ನಿಲ್ಲಿಸಿ ಬಂದು, ಇಲ್ಲಿ ಬೋರು ಹಾಕಿದರೆ ನೀರು ಬೀಳುವುದಿಲ್ಲ ಅಂತ ಬುದ್ಧಿ ಹೇಳಿ ಹೋದರು. ಸಂಜೆ ಗೋಕಾಕಕ್ಕೆ ಬಂದಾಗ ಇಪ್ಪತ್ನಾಲ್ಕು ಕಲ್ಲಿನ ಭಾರ ಅವಳ ಕೈಯಲ್ಲಿ ಆಗಲಿಲ್ಲ. ನನ್ನ ಅಂಗಳದಲ್ಲೇ ಒಂದು ಗೋಣಿಚೀಲದ ಮೇಲೆ ಸಾಲಾಗಿಟ್ಟು, ಒಂದು ದಿನ ತವರಿನಲ್ಲಿದ್ದು ರವಿವಾರ ಬಂದು ಗೆರೆ ಎಳೆದು ಒಯ್ಯುತ್ತೇನೆ ಅಂದಳು. ಪೂರ್ತಿ ರೊಕ್ಕ ಆಗಲೇ ಕೊಟ್ಟಳು, ಎಣಿಸಿಕೊಳ್ಳಿ ಅಂದಳು, ಹುಕ್ಕೇರಿ ಬಸ್ಸಿಗೆ ಹೋದಳು.

ಮನಸ್ಸಿಗೆ ಸಮಾಧಾನ ಇರಲಿಲ್ಲ. ಚೌಕಾಸಿ ಮಾಡಿದವನಿಗೆ ಹೆಚ್ಚು ಹಚ್ಚಿದರೆ ನಿದ್ದೆ ಬರುತ್ತದೆ, ಯಾಕೆಂದರೆ ಅವನೂ ಆಡಿದ್ದಾನೆ. ಆಡದೇ ಇದ್ದವಳಿಗೆ ಹಚ್ಚಿದರೆ ಬರುವುದಿಲ್ಲ. ರೊಕ್ಕ ವಾಪಸು ಕೊಡುವುದು ನನ್ನ ಕೈಗೆ ರೂಢಿ ಇಲ್ಲ. ಆದರೆ ನಮ್ಮಲ್ಲಿ ಕೊಸರು ಅಂತ ಒಂದು ಪದ್ಧತಿ ಇದೆಯಲ್ಲ. ಕಾಳು ಅಳೆದ ಮೇಲೆ ಒಂದು ಹಿಡಿ, ಬದನೆಕಾಯಿ ತೂಗಿದ ಮೇಲೆ ನಾಲ್ಕು ಹಸಿಮೆಣಸಿನಕಾಯಿ. ಕೇಳದಿದ್ದರೂ ಕೊಡಬೇಕು. ನನ್ನ ಕಸುಬಿನಲ್ಲಿ ಕೊಸರು ಅಂದರೆ ಫಿನಿಶಿಂಗ್.

ಮುಂಜಾನೆ ಎದ್ದು ನೋಡಿದೆ. ಗೋಣಿಯ ಮೇಲೆ ಆ ಕೋರುಗಳು ಬಹಳ ಬಡವಾಗಿ ಕಂಡವು. ಒಂದು ಉದ್ದ, ಒಂದು ಗಿಡ್ಡ. ಮೇಲೆ ಬಿಸಿಲು ತಿಂದು ಕಂದಾದ ಒರಟು ತಲೆ, ಅದರ ಮೇಲೆ ಗೀಚು, ಕೆಳಗೆ ಮುರಿದ ಬುಡ. ಹೀಗೆ ಕೊಟ್ಟರೆ ಗೋಕಾಕದವರ ಕೆಲಸ ಇಷ್ಟೇ ಅಂತ ಆ ಪ್ರಯೋಗಾಲಯದವರು ಅನ್ನುತ್ತಾರೆ. ನಮ್ಮಲ್ಲಿ ಗುರುತಿನ ಗೀಟು ಇರುವುದು ಕೆಲಸ ಆಗುವವರೆಗೆ. ತೂತು ಬಿದ್ದ ಮೇಲೂ ಗೋಡೆಯ ಮೇಲೆ ಪೆನ್ಸಿಲ್ ಗೀಟು ಉಳಿಸಿ ಹೋಗುವವನನ್ನು ಯಾರೂ ಎರಡನೆಯ ಸಲ ಕರೆಯುವುದಿಲ್ಲ. ಹೀಗೆ ನಲವತ್ತು ವರ್ಷದ ಕೈ ತಾನಾಗಿ ಹೋಯಿತು. ಕಟಿಂಗ್ ಯಂತ್ರಕ್ಕೆ ನೀರು ಬಿಟ್ಟು ಒಂದೊಂದರ ತಲೆಯನ್ನು ಬೆರಳಗಲ ಬಿಲ್ಲೆಯಾಗಿ ಹಾರಿಸಿದೆ, ಬುಡ ಸಮ ಮಾಡಿದೆ, ಎರಡೂ ತುದಿಗೆ ಪಾಲಿಶ್ ಹಿಡಿದೆ, ಎಲ್ಲವನ್ನೂ ಒಂದೇ ಅಳತೆಗೆ ತಂದೆ. ತೊಳೆದು ಒರೆಸಿ ಸಾಲಾಗಿ ನಿಲ್ಲಿಸಿದರೆ ಚದುರಂಗದ ಕಾಯಿಗಳ ಹಾಗೆ ಮಿಂಚುತ್ತಿದ್ದವು. ಬಿಲ್ಲೆಗಳು ಗೇಟಿನ ಬಾಜೂಕಿನ ಕಸದ ಗುಂಡಿಗೆ ಹೋದವು.

ರವಿವಾರ ಅವಳು ಬಂದಾಗ ನಾನು ಚಹಾ ತರಿಸಿ, ಗೋಣಿಯ ಮೇಲಿನ ಬಟ್ಟೆ ತೆಗೆದೆ.

ಅವಳು ಗೋಣಿಯ ಮೇಲೆ ಬಗ್ಗಿದಳು. ಒಂದನ್ನು ಎತ್ತಿ ಈ ತುದಿ ನೋಡಿದಳು, ಆ ತುದಿ ನೋಡಿದಳು. ಅದಕ್ಕೆ ಈಗ ತಲೆಯೂ ಇರಲಿಲ್ಲ, ಕಾಲೂ ಇರಲಿಲ್ಲ, ನಂಬರೂ ಇರಲಿಲ್ಲ. ಹುಕ್ಕೇರಿಯದೋ ಮೂಡಲಗಿಯದೋ, ಅದೂ ಇರಲಿಲ್ಲ.

"ಕಾಕಾ," ಅಂದಳು ಕೊನೆಗೆ, ಬಹಳ ಮೆಲ್ಲಗೆ, "ಬಾಣ ಎಲ್ಲಿ?"

ಇದು ಪುಕ್ಕಟೆ ಮಾಡಿಕೊಟ್ಟದ್ದು, ಇದಕ್ಕೆ ಏನೂ ಹಚ್ಚಿಲ್ಲ ಅಂತ ನಾನು ಹೇಳುತ್ತಿದ್ದೆ. ಅರ್ಧಕ್ಕೆ ನನಗೇ ಧುಪದಾಳದ ಮಾತು ನೆನಪಾಯಿತು. ಅವಳು ಅಲ್ಲೇ ಕಲ್ಲಿನ ತುಂಡಿನ ಮೇಲೆ ಕೂತಳು. ಹೊಸದಾಗಿ ಕೊರೆಯಲು ಆಗುವುದಿಲ್ಲವೇ ಅಂದೆ. ಮರುದಿನ ರಾತ್ರಿಯ ರೈಲು, ಪಾಳಿಯ ಮೊದಲು ಕಲ್ಲುಗಳನ್ನು ಕತ್ತರಿಸಿ ಸಿದ್ಧ ಮಾಡಲು ವಾರ ಬೇಕು. ನನ್ನ ಬಿಟ್ಟೂ ಆ ಇಪ್ಪತ್ನಾಲ್ಕಕ್ಕೆ ಹಲ್ಲು ಉದುರಿಸಿಕೊಂಡಿತ್ತು, ಹೊಸದು ಬೆಳಗಾವಿಯಿಂದ ಬರಬೇಕು.

ನನ್ನ ಹೆಂಡತಿ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದಳು. ಅವಳ ಅಭಿಪ್ರಾಯ ಇಲ್ಲಿದೆ: "ಹುಟ್ಟಿದಾಗಿಂದ ಯಾರಿಗೂ ಪುಕ್ಕಟ ಕೊಡದ ಕೈ. ಒಮ್ಮೆ ಕೊಟ್ಟ ನೋಡ್ರಿ, ಏನ್ ಮಾಡಿ ಇಟ್ಟೈತಿ."

ಆಮೇಲೆ ಅವಳೇ ಒಂದು ಬಕೆಟ್ ನೀರು ತಂದಿಟ್ಟು, ಬಿಲ್ಲೆಗಳು ಗುಂಡಿಯಲ್ಲಿ ಇವೆಯೋ ಇಲ್ಲವೋ ಮೊದಲು ನೋಡಿ ಅಂದಳು.

ಇದ್ದವು. ಬೂದು ಕೆಸರಿನಲ್ಲಿ ಕೈ ಹಾಕಿ ಒಂದೊಂದೇ ತೆಗೆದು ತೊಳೆದೆವು. ಮಾರ್ಕರಿನ ಬಾಣ, ನಂಬರು ಎರಡೂ ಗಟ್ಟಿಯಾಗಿ ಕೂತಿದ್ದವು. ಈಗ ಯಾವ ಬಿಲ್ಲೆ ಯಾವ ಕೋರಿನ ತಲೆ ಅನ್ನುವುದು ಪ್ರಶ್ನೆ. ಇಲ್ಲಿ ನನ್ನ ವಿದ್ಯೆ ಉಪಯೋಗಕ್ಕೆ ಬಂತು. ಹಾಲ್‌ಗೆ ಗ್ರಾನೈಟು ಹಾಸುವಾಗ ಒಂದು ಹಾಸಿನ ಗೆರೆ ಇನ್ನೊಂದಕ್ಕೆ ಕೂಡುವ ಹಾಗೆ ಜೋಡಿಸುವುದು ನನಗೆ ಅನ್ನ ಕೊಟ್ಟ ಕೆಲಸ. ಕರಿಕಲ್ಲು ಒಣಗಿದ್ದಾಗ ಎಲ್ಲ ಒಂದೇ. ಒದ್ದೆ ಮಾಡಿದರೆ ಬಾಯಿ ಬಿಡುತ್ತದೆ. ಕೂದಲಿನಂತಹ ಬಿರುಕು, ಎಳ್ಳಿನಷ್ಟು ಬಿಳಿ ಚುಕ್ಕೆ, ಕಲ್ಲು ಕುದಿಯುವಾಗ ಉಳಿದ ಗುಳ್ಳೆಯ ಗುರುತು. ಕೋರನ್ನು ಒದ್ದೆ ಮಾಡಿ, ಬಿಲ್ಲೆಯನ್ನು ಒದ್ದೆ ಮಾಡಿ, ಮೇಲಿಟ್ಟು ಮೆಲ್ಲಗೆ ತಿರುಗಿಸಿದರೆ ಒಂದು ಕಡೆ ಬಿರುಕು ಬಿರುಕಿಗೆ ಬಂದು ಸೇರುತ್ತಿತ್ತು. ಸೇರಿದ ಕೂಡಲೇ ಹುಡುಗಿ ಕಣ್ಣಿಗೆ ಗಾಜು ಹಿಡಿದು ಪರೀಕ್ಷೆ ಮಾಡಿ, ಬಾಣದಿಂದ ಬದಿಗೆ ಗೆರೆ ಎಳೆಯುತ್ತಿದ್ದಳು. ಎರಡು ಸಲ ನಾನು ಸೇರಿತು ಅಂದದ್ದನ್ನು ಸೇರಿಲ್ಲ ಅಂದಳು. ಆಗಲೂ ಅವಳು ಹೇಳಿದ್ದೇ ಸರಿ ಇತ್ತು. ಇಷ್ಟು ಖಡಕ್ಕು ಹುಡುಗಿ ದರ ಕೇಳುವಾಗ ಎಲ್ಲಿಗೆ ಹೋಗಿದ್ದಳೋ.

ಮಧ್ಯಾಹ್ನದ ಹೊತ್ತಿಗೆ ಹದಿನೇಳು ಕೂಡಿದವು. ಗುಂಡಿಯಲ್ಲಿ ಬಿಲ್ಲೆ ಮುಗಿದಿತ್ತು. ಇನ್ನೂ ಏಳು ಬೇಕು.

ಬಾಜೂ ಓಣಿಯಲ್ಲಿ ಕಲ್ಲು ಸಿಮೆಂಟಿನ ಮೇಲೆ ಜಾರುವ ಸದ್ದು ಕೇಳಿಸಿತು. ಹೆಂಡತಿ ನನ್ನ ಮುಖ ನೋಡಿದಳು.

ನಾಲ್ಕು ಹುಡುಗಿಯರು ಕುಂಟೆಬಿಲ್ಲೆ ಆಡುತ್ತಿದ್ದರು. ಕೈಯಲ್ಲಿ, ನೆಲದ ಮೇಲೆ, ಒಬ್ಬಳ ಫ್ರಾಕಿನ ಜೇಬಿನಲ್ಲಿ, ನಮ್ಮ ಏಳೂ ಬಿಲ್ಲೆ. ಗೇಟಿನ ಹತ್ತಿರದ ಕಸ ಅಂತ ಹಿಂದಿನ ಸಂಜೆ ಆರಿಸಿಕೊಂಡು ಹೋಗಿದ್ದರು. ತಪ್ಪೇನೂ ಇಲ್ಲ, ನಾನೂ ಅದನ್ನು ಕಸ ಅಂತಲೇ ಎಸೆದಿದ್ದೆ. ಅವರಲ್ಲಿ ದೊಡ್ಡವಳು ಶಾಲೆಯಲ್ಲಿ ಐದನೆಯ ಇಯತ್ತೆ. ಬಿಲ್ಲೆ ವಾಪಸು ಬೇಕು ಅಂದೆ. ಅವಳು ಯಾಕೆ ಅಂದಳು. ಇಲ್ಲಿ ನಾನು ಎರಡನೆಯ ತಪ್ಪು ಮಾಡಿದೆ. ಬಹಳ ಅವಸರ ಇದೆ, ಇವತ್ತೇ ಬೇಕು ಅಂದುಬಿಟ್ಟೆ.

"ಭಾಳ ಚಲೋ ಜಾರತೈತ್ರಿ ಅಜ್ಜಾರ ಇದು," ಅಂದಳು ಹುಡುಗಿ, ಬಿಲ್ಲೆಯನ್ನು ಹಿಂದೆ ಹಿಡಿದುಕೊಂಡು. "ಒಂದಕ್ಕ ಎರಡು ಕೊಡ್ತೀರೇನ್ರಿ?"

ಒಂದಕ್ಕೆ ಒಂದು ಅಂದೆ. ಅವಳು ಕುಂಟುತ್ತ ಮುಂದಿನ ಮನೆಗೆ ಹಾರಿದಳು. ನಾನು ಎದ್ದು ಹೋಗುವ ಹಾಗೆ ಮಾಡಿದೆ. ಯಾರೂ ಕರೆಯಲಿಲ್ಲ. ನಾನೇ ತಿರುಗಿ ಬಂದೆ. ಗ್ರಾನೈಟಿನ ಹದಿನಾಲ್ಕು ಹೊಸ ಬಿಲ್ಲೆ, ಪಾಲಿಶ್ ಹಾಕಿದ್ದು, ಅರ್ಧ ತಾಸಿನಲ್ಲಿ ಕತ್ತರಿಸಿ ತಂದುಕೊಟ್ಟೆ. ಅವಳು ಎಣಿಸಿಕೊಂಡು, ಕೈ ಹಾಗೇ ಚಾಚಿ ನಿಂತಳು.

"ಮತ್ತ ಕೊಸರು?"

ನನ್ನ ಹಿಂದೆ ಆ ಸಂಶೋಧಕಿ ಅವತ್ತು ಮೊದಲ ಸಲ ನಕ್ಕಳು. ಹದಿನೈದನೆಯದೂ ಕೊಟ್ಟೆ.

ಏಳರಲ್ಲಿ ನಾಲ್ಕಕ್ಕೆ ಬಾಣ ಕಾಣುತ್ತಿತ್ತು. ಎರಡಕ್ಕೆ ಸಿಮೆಂಟಿನ ಮೇಲೆ ಜಾರಿ ಜಾರಿ ಅಳಿಸಿಹೋಗಿತ್ತು. ಏಳನೆಯದನ್ನು ಫ್ರಾಕಿನ ಜೇಬಿನ ಹುಡುಗಿ ಸಾಬೂನು ಹಚ್ಚಿ ತಿಕ್ಕಿ ತೊಳೆದು, ಅದರ ಮೇಲೆ ಉಗುರಿನ ಬಣ್ಣದಿಂದ ಒಂದು ಹೂ ಬರೆದಿದ್ದಳು. ಮೂರೂ ತಮ್ಮ ತಮ್ಮ ಕೋರಿಗೆ ಸರಿಯಾಗಿ ಕೂಡಿದವು. ಬಿಲ್ಲೆಯ ಬಿಸಿಲು ತಿಂದ ಮುಖ ಯಾವುದು ಅಂತ ಗೊತ್ತಿದ್ದರಿಂದ ಮೇಲು ಯಾವುದು ಅನ್ನುವುದೂ ತಿಳಿಯಿತು. ಮೂಡಲಗಿಯ ಎಂಟೂ ಆಗಲೇ ಕೂಡಿದ್ದರಿಂದ ಈ ಮೂರು ಹುಕ್ಕೇರಿಯವು ಅಂತಲೂ ಗೊತ್ತಾಯಿತು. ಉತ್ತರ ಮಾತ್ರ ಹೋಯಿತು.

ನಾನು ವ್ಯವಹಾರದ ಮನುಷ್ಯ. ಒಂದು ಸುಲಭ ದಾರಿ ಹೇಳಿದೆ. ಒಂದೇ ಖಣಿಯ ಕಲ್ಲು, ಒಂದೇ ಬಂಡೆ. ಮಿಕ್ಕ ಹದಿಮೂರು ಯಾವ ಕಡೆ ತೋರಿಸುತ್ತವೆಯೋ ಈ ಮೂರೂ ಅದೇ ಕಡೆ ತೋರಿಸುತ್ತವೆ. ಅಳತೆ ಬಂದ ಮೇಲೆ ಇವಕ್ಕೂ ಅದೇ ಪ್ರಕಾರ ಬಾಣ ಹಾಕಿಬಿಟ್ಟರೆ ಯಾರಿಗೆ ಗೊತ್ತಾಗುತ್ತದೆ? ಇಪ್ಪತ್ನಾಲ್ಕೂ ಪೂರ್ತಿ.

ಅವಳು ಬೇಸರ ಮಾಡಿಕೊಳ್ಳಲಿಲ್ಲ. "ಉಳಿದಾವು ಹೇಳಿದ್ದನ್ನ ಇವುಗಳ ಬಾಯಾಗ ನಾನ ತುರುಕಿದ್ರ, ಇವು ಏನ್ ಹೇಳೂವು ಅನ್ನೂದು ಯಾವತ್ತೂ ಗೊತ್ತಾಗೂದಿಲ್ರಿ ಕಾಕಾ," ಅಂದಳು.

ನಾನು ಆ ಮೂರನ್ನು ಮತ್ತೆ ಒದ್ದೆ ಮಾಡಿ ತಿರುಗಿಸಿ ನೋಡಿದೆ. ಮೇಲು ಗೊತ್ತು, ಕೆಳಗು ಗೊತ್ತು, ಉತ್ತರ ಗೊತ್ತಿಲ್ಲ. ಇಂಥದ್ದನ್ನೇ ಎಲ್ಲೋ ಕೇಳಿದ್ದೆ ಅನ್ನಿಸಿತು. ರೊಟ್ಟಿಯ ಸುರುಳಿ ನೆನಪಿಗೆ ಬಂತು.

"ಯವ್ವಾ," ಅಂದೆ, "ಇವು ಈಗ ನಿನ್ನ ಸಮುದ್ರದ ಕಲ್ಲಿನಂಗ ಆದವಲ್ಲ?"

ಅವಳು ಪೆನ್ನು ಕೆಳಗಿಟ್ಟಳು. ಆ ಮೂರನ್ನೂ ನನ್ನನ್ನೂ ನೋಡಿದಳು. ಆಮೇಲೆ ಪುಸ್ತಕದಲ್ಲಿ ಬಹಳ ಜೋರಾಗಿ ಏನೋ ಬರೆಯತೊಡಗಿದಳು. ಹಡಗಿನ ಕಲ್ಲಿಗೆ ಹೇಗೆ ಇಳಿಜಾರು ಮಾತ್ರ ನೋಡುತ್ತಾಳೋ ಹಾಗೆಯೇ ಈ ಮೂರಕ್ಕೂ ನೋಡುವುದು, ನಂತರ ಅದೇ ಖಣಿಯ ಬಾಣ ಉಳಿದ ಕಲ್ಲುಗಳ ಪಕ್ಕಕ್ಕೆ ಇಟ್ಟು ನೋಡುವುದು. ಕೂಡಿದರೆ ತನ್ನ ಸಮುದ್ರದ ಲೆಕ್ಕದ ಮೇಲೂ ಭರವಸೆ ಬರುತ್ತದೆ. ಬೇಕೆಂದೇ ಬಾಣ ಅಳಿಸಿ ಪರೀಕ್ಷೆ ಮಾಡುವ ಯೋಚನೆ ತನಗೆ ಬಂದಿರಲಿಲ್ಲ ಅಂದಳು. ನನಗೂ ಬಂದಿರಲಿಲ್ಲ, ಆದರೆ ಆ ಹೊತ್ತಿನಲ್ಲಿ ಅದನ್ನು ಹೇಳುವ ಅಗತ್ಯ ಕಾಣಲಿಲ್ಲ.

ಮರುದಿನ ಅವಳು ಹೋಗುವಾಗ ನಾನು ಟೆಂಪೋದಲ್ಲಿ ಘಟಪ್ರಭಾ ಸ್ಟೇಶನ್ನಿಗೆ ಬಿಟ್ಟುಬಂದೆ, ಬಾಡಿಗೆ ಹಚ್ಚಲಿಲ್ಲ. ಹಚ್ಚದೇ ಇರುವ ಮೊದಲು, ಇದು ಬೇಕೋ ಬೇಡವೋ ಅಂತ ಅವಳನ್ನು ಕೇಳಿದೆ.

ಎರಡು ತಿಂಗಳಾದ ಮೇಲೆ ಫೋನು ಬಂತು. ಪಾಳಿ ಸಿಕ್ಕಿತು, ಅಳತೆ ಮುಗಿಯಿತು, ಅಧ್ಯಾಯ ಬರೆದಾಯಿತು. ನಮ್ಮ ಕರಿಕಲ್ಲು ಹೆಪ್ಪುಗಟ್ಟಿದ ಕಾಲಕ್ಕೆ, ಸುಮಾರು ಆರೂವರೆ ಕೋಟಿ ವರ್ಷದ ಹಿಂದೆ, ಹುಕ್ಕೇರಿ ಮೂಡಲಗಿಯ ಈ ನೆಲ ಭೂಮಿಯ ನಡುಗೆರೆಯ ಆಚೆ, ದಕ್ಷಿಣದಲ್ಲಿ ಬಹಳ ದೂರ ಇತ್ತು; ಸಮುದ್ರದ ಕಲ್ಲುಗಳೂ ಅದೇ ನಡಿಗೆಯನ್ನು ಹೇಳುತ್ತಿವೆ. ಇದು ಮೊದಲೇ ಗೊತ್ತಿದ್ದ ವಿಷಯವಂತೆ, ಅವಳ ಕಲ್ಲುಗಳೂ ಅದಕ್ಕೇ ಸಾಕ್ಷಿ ಹೇಳಿದವು ಅಷ್ಟೆ. ಕುಂಟೆಬಿಲ್ಲೆಯ ಮೂರು ಏನಾದವು ಅಂತ ಕೇಳಿದೆ. ಮೂರರ ಇಳಿಜಾರೂ ಮಿಕ್ಕವುಗಳ ಜೊತೆ ಕೂಡಿತು ಅಂದಳು. ಹಾಗಾದರೆ ನಾನು ಮೊದಲೇ ಹೇಳಿದ್ದೆನಲ್ಲ, ಅದೇ ಬಾಣ ಹಾಕು ಅಂತ, ಅಂದೆ. "ಹೇಳಿದ್ರಿ. ಆದ್ರ ಈಗ ಅವೂ ಹೇಳ್ಯಾವು," ಅಂದಳು. ಉಗುರಿನ ಬಣ್ಣದ ಹೂವಿನ ಬಿಲ್ಲೆ ಅವಳ ಮೇಜಿನ ಮೇಲೆ ಇದೆಯಂತೆ, ಕಾಗದ ಹಾರದ ಹಾಗೆ.

ಇಷ್ಟು ಓದಿದಿರಿ, ಈಗ ನಾಲ್ಕು ಮಾತು ಕೇಳಿ, ಇದಕ್ಕೆ ರೊಕ್ಕ ಇಲ್ಲ. ಕರಿಕಲ್ಲು ಕೊಳ್ಳುವಾಗ ಒಣಗಿದ್ದನ್ನು ನೋಡಿ ಒಪ್ಪಬೇಡಿ, ಒಂದು ಚೊಂಬು ನೀರು ಸುರುವಿ ನೋಡಿ. ಮಾರುವವನು ಬೇಡ ಅಂದರೆ ಅಲ್ಲಿಂದ ಎದ್ದುಬಿಡಿ. ಮನೆಯ ಪಾಯಕ್ಕೆ ದಿಕ್ಕು ನೋಡುವವನು ಬಂದಾಗ ಅವನ ಸೊಂಟದ ಕೀಲಿ, ಕೈಯ ಮೊಬೈಲು, ಪಕ್ಕದ ಸರಳಿನ ರಾಶಿ, ಮೂರನ್ನೂ ದೂರ ಇಡಿಸಿ. ನಮ್ಮ ಕಡೆಯ ಕರಿಬಂಡೆಯ ಮೇಲೆ ಮುಳ್ಳನ್ನು ನಂಬುವ ಮೊದಲು ನೆರಳನ್ನೂ ನೋಡಿ. ಅವಸರ ಇದ್ದರೆ ಅದನ್ನು ಯಾರಿಗೂ ಹೇಳಬೇಡಿ, ಐದನೆಯ ಇಯತ್ತೆಯ ಹುಡುಗಿಗಂತೂ ಹೇಳಲೇಬೇಡಿ. ಇನ್ನು ಕೊಸರು. ಕೊಡಿ, ಕೊಡದೆ ಇರಬೇಡಿ, ಕೊಟ್ಟವರ ಅಂಗಡಿಗೆ ಜನ ಮತ್ತೆ ಬರುತ್ತಾರೆ. ಆದರೆ ಗಿರಾಕಿಯ ಸಾಮಾನಿನ ಮೇಲೆ ಗೀಟು, ಗೀಚು, ನಂಬರು ಏನೇ ಕಂಡರೂ ಅಳಿಸುವ ಮೊದಲು ಬರೆದವರಿಗೆ ಒಂದು ಫೋನು ಮಾಡಿ ಕೇಳಿ. ಈಗ ನಾನು ಹಾಗೇ ಮಾಡುತ್ತೇನೆ. ಮೊನ್ನೆ ಒಬ್ಬರ ಅಡುಗೆಮನೆಯಲ್ಲಿ ತೂತು ಹಾಕಿದ ಮೇಲೆ ಗೋಡೆಯ ಪೆನ್ಸಿಲ್ ಗೀಟನ್ನು ಅಳಿಸಲೇ ಅಂತ ಮೂರು ಸಲ ಕೇಳಿದೆ. ಅವರು ನನಗೆ ವಯಸ್ಸಾಯಿತು ಅಂದುಕೊಂಡರು. ಅಂದುಕೊಳ್ಳಲಿ, ಗೀಟು ಅವರದು.